ಫ್ಯಾನು ನಿಲ್ಲಿಸಿ ಹಿಡಿದ ಹಾಡುಗಳು

ಹಳೇ ಕ್ಯಾಸೆಟ್ಟು ಕೊಳ್ಳಲು ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಹಾಡು ಕೇಳಬೇಡಿ, ಹಾಡು ಮುಗಿದ ಮೇಲಿನ ಖಾಲಿ ಜಾಗ ಕೇಳಿ. ಹಾಡು ಯಾರನ್ನಾದರೂ ಮರುಳು ಮಾಡುತ್ತದೆ. ಟೇಪು ಎಷ್ಟು ಸವೆದಿದೆ, ಎಷ್ಟು ಬೇಸಿಗೆ ಬೆಂದಿದೆ, ಯಾವ ಮನೆಯಲ್ಲಿತ್ತು ಎಂಬುದೆಲ್ಲ ಗೊತ್ತಾಗುವುದು ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಆ ಮೌನದಲ್ಲಿ. ಆಳಂದದ ನನ್ನ ಅಂಗಡಿಗೆ ಈಗ ಪುಣೆಯಿಂದ, ಹೈದರಾಬಾದಿನಿಂದ ಹುಡುಗರು ಬರುತ್ತಾರೆ. ಅವರು ಹುಟ್ಟುವ ಮೊದಲೇ ಮೂಲೆ ಸೇರಿದ್ದ ಟೇಪ್‌ರೆಕಾರ್ಡರುಗಳನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗುತ್ತಾರೆ. ಅವರಿಗೂ ಇದನ್ನೇ ಹೇಳುತ್ತೇನೆ. ನಕ್ಕು ಹಾಡನ್ನೇ ಕೇಳುತ್ತಾರೆ. ಕೇಳಲಿ, ನನ್ನ ವ್ಯಾಪಾರಕ್ಕೆ ಅದೇ ಒಳ್ಳೆಯದು.

ಖಾಲಿ ಜಾಗಕ್ಕೆ ಕಿವಿ ಕೊಡುವುದನ್ನು ನಾನು ಕಲಿತದ್ದು ಘತ್ತರಗಿಯಲ್ಲಿ, ಹತ್ತನೇ ಇಯತ್ತೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ.

ಆಗ ನನ್ನ ಕೈಯಲ್ಲಿ ಒಂದು ಟೇಪ್‌ರೆಕಾರ್ಡರ್ ಇತ್ತು. ಅಪ್ಪ ಕೊಡಿಸಿದ್ದಲ್ಲ. ಸೈಕಲ್ಲಿನ ಹಳೇ ಡೈನಮೋ ಕೊಟ್ಟು ನಿಂತುಹೋದ ಕೈಗಡಿಯಾರ ತೆಗೆದುಕೊಂಡೆ. ಗಡಿಯಾರವನ್ನು ನಡೆಯುವಂತೆ ಮಾಡಿ ಖಜೂರಿಗೆ ಹೋದೆ. ಅಲ್ಲಿ ಗಡಿ ದಾಟುವ ಲಾರಿಗಳು ಚಹಾಕ್ಕೆ ನಿಲ್ಲುತ್ತವೆ. ಒಬ್ಬ ಡ್ರೈವರನ ಹತ್ತಿರ ಮುಚ್ಚಳ ಮುರಿದ ಟೇಪ್‌ರೆಕಾರ್ಡರ್ ಇತ್ತು. ಆ ಮುರಿದ ಮುಚ್ಚಳವನ್ನೇ ಹಿಡಿದು ಜಗ್ಗಿ ಜಗ್ಗಿ, ಅವನಿಗೆ ತನ್ನ ಸಾಮಾನಿನ ಮೇಲೇ ಬೇಸರ ಬರುವ ಹಾಗೆ ಮಾಡಿ, ಗಡಿಯಾರಕ್ಕೆ ಬದಲು ಮಾಡಿಕೊಂಡೆ. ಕೊಳ್ಳುವವರು ನೆನಪಿಡಬೇಕಾದದ್ದು: ಕಣ್ಣಿಗೆ ಕಾಣುವ ದೋಷ ಇರುವ ವಸ್ತುವೇ ಲಾಭ. ಕಾಣದ ದೋಷ ಇರುವುದು ಮುಟ್ಟಬಾರದು.

ಅದನ್ನು ಹೊತ್ತುಕೊಂಡು ಸೋದರಮಾವನ ಊರಾದ ಘತ್ತರಗಿಗೆ ಹೋದೆ. ಮಾವನ ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನ ಗೆಳೆಯನಿದ್ದ. ಅವನ ತಾಯಿ ಗುಡಿಯ ಮುಂದೆ ಕಾಯಿ, ಬಳೆ, ಕುಂಕುಮ ಮಾರುತ್ತಿದ್ದರು. ನಾನು ಅವರನ್ನು ಅತ್ತಿ ಎನ್ನುತ್ತಿದ್ದೆ. ಮಾವನ ಊರಿನಲ್ಲಿ ಎಲ್ಲರೂ ನನ್ನನ್ನು ಅಳಿಯಾ ಎನ್ನುತ್ತಿದ್ದ ಹಾಗೆ ಅವರೂ ಅಳಿಯಾ ಎನ್ನುತ್ತಿದ್ದರು. ಗೆಳೆಯನಿಗೆ ಒಬ್ಬಳು ಪುಟ್ಟ ತಂಗಿ. ಅವರ ಮನೆಯಲ್ಲಿ ದೊಡ್ಡ ರೇಡಿಯೋ ಒಂದಿತ್ತು.

ಆ ರೇಡಿಯೋದಲ್ಲಿ ನಡುಮಧ್ಯಾಹ್ನ ಯಾವುದೋ ದೇಶದ ಸ್ಟೇಷನ್ನು ಸಿಗುತ್ತಿತ್ತು. ಗಿಟಾರು, ಡ್ರಮ್ಮು, ಗಂಟಲು ಹರಿಯುವ ಹಾಗೆ ಕೂಗುವ ಗಂಡಸರು, ನಿದ್ದೆಯಲ್ಲಿದ್ದಂತೆ ಹಾಡುವ ಹೆಂಗಸರು. ಇಂಗ್ಲಿಷಿನ ಒಂದು ಸಾಲೂ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದಲೇ ಒಂದೊಂದು ಹಾಡಿಗೂ ನಮ್ಮದೇ ಅರ್ಥ ಹಚ್ಚಿದ್ದೆವು. ಒಂದು ಹಾಡು ನದಿಯ ಆಚೆ ದಡದಿಂದ ಯಾರನ್ನೋ ಕರೆಯುವುದು ಎಂದು ಗೆಳೆಯ ಪಟ್ಟು ಹಿಡಿದಿದ್ದ. ನಾನು ಅದು ಲಾರಿ ತಪ್ಪಿಸಿಕೊಂಡವನ ಹಾಡು ಎನ್ನುತ್ತಿದ್ದೆ. ಇಂದಿಗೂ ಅದು ಏನೆಂದು ಹುಡುಕಿ ನೋಡಿಲ್ಲ.

ರೇಡಿಯೋಕ್ಕೂ ಟೇಪಿಗೂ ಜೋಡಿಸುವ ವೈರು ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ರೇಡಿಯೋದ ಬಾಯಿಗೆ ಟೇಪ್‌ರೆಕಾರ್ಡರಿನ ಮುಖ ಕೊಟ್ಟು ಇಡುತ್ತಿದ್ದೆವು. ಹೊರಗಿನ ಸದ್ದು ಬರಬಾರದೆಂದು ಬಾಗಿಲು ಹಾಕಿ, ಕಿಟಕಿಗೆ ಕೌದಿ ಕಟ್ಟಿ, ಕೊನೆಗೆ ಫ್ಯಾನು ನಿಲ್ಲಿಸುವುದು. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಫ್ಯಾನು ನಿಂತ ಮುಚ್ಚಿದ ಕೋಣೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನೆಲದ ಪರಸಿಗಲ್ಲು ಸಹ ಬೆವರುವಂತೆ ಕಾಣುತ್ತಿತ್ತು. ನಾವು ಮೂವರು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಗೆಳೆಯನಿಗೆ ಡ್ರಮ್ಮು ಕೇಳಿದರೆ ತೊಡೆ ಬಾರಿಸದೆ ಇರಲು ಆಗುತ್ತಿರಲಿಲ್ಲ. ರೆಕಾರ್ಡಿಂಗಿನಲ್ಲಿ ಅದು ನಡೆಯುವುದಿಲ್ಲ. ಆದ್ದರಿಂದ ಗಾಳಿಯಲ್ಲಿ ಬಾರಿಸುತ್ತಿದ್ದ, ಸದ್ದಿಲ್ಲದೆ, ಕಣ್ಣು ಮುಚ್ಚಿಕೊಂಡು. ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿರುತ್ತಿದ್ದಳು.

ಹೀಗೆ ಹಿಡಿದ ಹಾಡಿನಲ್ಲಿ ಹಾಡಷ್ಟೇ ಇರುವುದಿಲ್ಲ. ಹಿಂದೆ ಒಂದು ಆಡು ಒದರುತ್ತದೆ. ಗುಡಿಯ ಗಂಟೆ ಒಮ್ಮೆ ಬಡಿಯುತ್ತದೆ. ಎಲ್ಲಕ್ಕೂ ಹಿಂದೆ ಮೂರು ಎಳೆಯ ಜೀವಗಳ ಉಸಿರು.

ಒಂದು ದಿನ, ನದಿಯಾಚೆಯ ಕರೆ ಎಂದು ಅವನು ಹೇಳುತ್ತಿದ್ದ ಆ ಹಾಡು ಮುಗಿಯುತ್ತಿತ್ತು. ಗಿಟಾರು ಸಣ್ಣಗಾಗಿ, ಇಲ್ಲವಾಗಿ, ರೇಡಿಯೋದವನು ಇನ್ನೂ ಮಾತು ಶುರು ಮಾಡಿರಲಿಲ್ಲ. ಗೆಳೆಯ ಮೈಮರೆತು ಕೂಗಿದ: "ಯವ್ವಾ! ನೀರ ತಾ!"

ಟೇಪು ಓಡುತ್ತಿತ್ತು. ನಾನು ಕೈ ಎತ್ತಿ ಹೊಡೆಯುವವನಂತೆ ಮಾಡಿದೆ. ತಂಗಿ ಕೈಯೊಳಗೇ ಕಿಸಕ್ಕನೆ ನಕ್ಕಳು. ಅದೂ ಟೇಪಿನಲ್ಲಿದೆ.

ಮಳೆ ಬೀಳುವ ಮೊದಲೇ, ಒಂದು ಮಧ್ಯಾಹ್ನ, ಅವನೊಬ್ಬನೇ ಭೀಮೆಗೆ ಈಜಲು ಹೋದ. ಬೇಸಿಗೆಯಲ್ಲಿ ಹೊಳೆ ಮೊಣಕಾಲುದ್ದ ಕಾಣುತ್ತದೆ. ಉಸುಕು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಕೆಳಗಿನ ಊರಿನ ದಡದಲ್ಲಿ ಸಿಕ್ಕ. ಮಣ್ಣು ಮಾಡಿದೆವು.

ನಾನು ಟೇಪ್‌ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಅತ್ತಿಯ ಮನೆಯಲ್ಲೇ ಬಿಟ್ಟು ಆಳಂದಕ್ಕೆ ಬಂದೆ. ಜೀವನದಲ್ಲಿ ಏನೂ ತೆಗೆದುಕೊಳ್ಳದೆ ಕೊಟ್ಟದ್ದು ಅದೊಂದೇ.

ಅತ್ತಿ ಪ್ರತಿ ಬೇಸಿಗೆಯಲ್ಲಿ ಆ ಕ್ಯಾಸೆಟ್ಟು ಹಚ್ಚುತ್ತಾರೆಂದು ಮಾವನ ಮನೆಯವರು ಹೇಳುತ್ತಿದ್ದರು. ಗುಡಿಯಲ್ಲಿ ಮಂದಿ ಕಡಿಮೆಯಾಗುವ ನಡುಮಧ್ಯಾಹ್ನ, ಅಂಗಡಿಗೆ ಪರದೆ ಎಳೆದು, ಮನೆಗೆ ಬಂದು, ನಮ್ಮ ಹಾಗೆಯೇ ಬಾಗಿಲು ಹಾಕಿ ಫ್ಯಾನು ನಿಲ್ಲಿಸಿ ಕೇಳುತ್ತಾರಂತೆ. ಕೇಳುವಾಗ ಫ್ಯಾನು ನಿಲ್ಲಿಸಬೇಕಿಲ್ಲ, ಹಿಡಿಯುವಾಗ ಮಾತ್ರ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅಷ್ಟು ವರ್ಷದ ರೂಢಿಗೆ ಬುದ್ಧಿ ಹೇಳುವುದು ಸರಿಯಲ್ಲ ಎನಿಸಿತು.

ಹೋದ ವರ್ಷ ಬೇಸಿಗೆ ಶುರುವಾದಾಗ ಆ ತಂಗಿ ಫೋನು ಮಾಡಿದಳು. ಈಗ ಅವಳೇ ಅಂಗಡಿ ನಡೆಸುತ್ತಾಳೆ, ತಾಯಿಯೂ ಜೊತೆಗೆ ಕೂರುತ್ತಾರೆ.

"ಮಾಮಾ, ಅವ್ವ ಆ ಹಾಡು ಕೇಳಿ ಎದ್ದು ಹೊಳಿಗೆ ಹೋಗಾಕತ್ತಾಳ್ರಿ."

"ಯಾಕವಾ? ತಲಿ ಏನರೆ..."

"ತಲಿ ನಿಮಗಿಂತ ಚಲೋ ಅದ್ರಿ. ನಿನ್ನೆ ಸೋಲಾಪುರದವರಿಗೆ ಒಂದ ಬಳಿ ಜಾಸ್ತಿ ಕೊಟ್ಟಿದ್ದೆ, ಬಸ್ ಸ್ಟ್ಯಾಂಡ್ ತನಕ ಹೋಗಿ ಇಸ್ಕೊಂಡ ಬಂದಾಳ. ಆದ್ರ ಅಣ್ಣ ಎರಡ ಸಲ ಕರೀತಾನ ಅಂತಾಳ್ರಿ."

"ಒಂದ ಸಲ ಅಲ್ಲೇನು?"

"ಮೊದ್ಲ ಒಂದ ಸಲ ಇತ್ರಿ. ಈಗ ಎರಡ ಸಲ ಅದ. ನಾನೂ ಕೇಳೇನಿ ಮಾಮಾ. ಮೊದಲನೇದು ಹೊರಗಿಂದ ಬಂದಂಗ ಕೇಳತದ. ಅವ್ವ ಚರಿಗಿ ತುಂಬ ನೀರ ತಗೊಂಡ ಹೊಳಿ ಪಾವಟಿಗಿ ಇಳೀತಾಳ. ದಿನಾ ಒಂದೊಂದ ಪಾವಟಿಗಿ ಕೆಳಗ ಹೊಂಟಾಳ್ರಿ. ಹಿಂಗಾದ್ರ ಆಕಿ ನನ್ನ ಕೈಗೆ ಉಳಿಯಂಗಿಲ್ಲ."

ಒಳ್ಳೆಯ ಯಂತ್ರ ಇಲ್ಲದೆ ಆ ಟೇಪನ್ನು ಮುಟ್ಟುವಂತಿರಲಿಲ್ಲ. ಜೇವರ್ಗಿಯಲ್ಲಿ ಮದುವೆಗಳಿಗೆ ಸೌಂಡು ಕೊಡುತ್ತಿದ್ದವರೊಬ್ಬರು ಅಂಗಡಿ ಮುಚ್ಚುತ್ತಿದ್ದರು. ಅವರ ಹತ್ತಿರ ನಾನು ಬಹಳ ದಿನದಿಂದ ಕಣ್ಣಿಟ್ಟಿದ್ದ ಕ್ಯಾಸೆಟ್ ಡೆಕ್ಕು ಇತ್ತು. ಅವರು ಪರೀಕ್ಷೆಗೆಂದು ಒಂದು ಕ್ಯಾಸೆಟ್ಟು ಹಾಕಿದರು. ನಮ್ಮ ಆ ಬೇಸಿಗೆಯ ಇಂಗ್ಲಿಷ್ ಹಾಡುಗಳಲ್ಲೇ ಒಂದು. ಗಿಟಾರು ಎರಡು ಸಲ ಮೀಟುವಷ್ಟರಲ್ಲಿ ನನ್ನ ಬೆನ್ನಿಗೆ ಕೌದಿಯ ವಾಸನೆ, ಬೆವರು, ಪರಸಿಯ ಬಿಸಿ ಬಂದು ಅಂಟಿಕೊಂಡವು.

"ಏನ್ ಸಾವ್ಕಾರ್ರ, ಚೌಕಾಸಿ ಮಾಡಂಗಿಲ್ಲೇನ್ರಿ? ಆರಾಮ ಅದೀರಿಲ್ಲೋ?" ಎಂದರು ಅವರು.

ಅವರು ಹೇಳಿದ ಬೆಲೆಗೇ ಎತ್ತಿಕೊಂಡು ಬಂದೆ. ನೀವು ಹಾಗೆ ಮಾಡಬೇಡಿ. ಮಾಲು ನೋಡುವಾಗ ನಿಮ್ಮ ಕಾಲದ ಹಾಡು ಹಾಕಲು ಬಿಡಲೇಬೇಡಿ.

ಘತ್ತರಗಿಗೆ ಹೋದಾಗ ಅತ್ತಿ ಅಂಗಡಿಯಲ್ಲಿ ಕಾಯಿ ಒಟ್ಟುತ್ತಿದ್ದರು. ನನ್ನನ್ನು ನೋಡಿ ಹೇಳಿದರು: "ಬಾ ಅಳಿಯಾ. ನಿನ್ನ ಹೊಟ್ಟಿ ಆಗಲೇ ಬಂದು ಕೂತದ, ನೀ ಈಗ ಬಂದಿ."

ಮಧ್ಯಾಹ್ನ ಬಾಗಿಲು ಹಾಕಿದರು. ಫ್ಯಾನು ನಿಲ್ಲಿಸಿದರು. ಅದೇ ಕೋಣೆ. ಕಿಟಕಿಗೆ ಬೇರೆ ಕೌದಿ. ಹಾಡು ಓಡಿತು, ಆಡು ಒದರಿತು, ಗಂಟೆ ಬಡಿಯಿತು. ಗಿಟಾರು ಸಣ್ಣಗಾಯಿತು. ಆಮೇಲಿನ ಖಾಲಿ ಜಾಗದಲ್ಲಿ, ಗೋಡೆಯ ಆಚೆ, ತುಂಬ ದೂರದಿಂದ, ಒಂದು ದನಿ: "ಯವ್ವಾ..." ಮರುಕ್ಷಣ ಕೋಣೆಯೊಳಗೆ ದೊಡ್ಡದಾಗಿ: "ಯವ್ವಾ! ನೀರ ತಾ!"

ನನಗೆ ಅದರ ಕಾರಣ ಗೊತ್ತಿತ್ತು. ಟೇಪು ಸುರುಳಿಯಲ್ಲಿ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಒತ್ತಿ ಕೂತಿರುತ್ತದೆ. ವರ್ಷಗಟ್ಟಲೆ ಸೆಕೆಯಲ್ಲಿ ಹಾಗೇ ಬಿಟ್ಟರೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಹತ್ತುತ್ತದೆ, ಒದ್ದೆ ಸೀರೆಯ ಬಣ್ಣ ಮಡಿಕೆಯಿಂದ ಮಡಿಕೆಗೆ ಹತ್ತುವಂತೆ. ಆಗ ದನಿ ಬರುವ ಮೊದಲೇ ಅದರ ನೆರಳು ಬರುತ್ತದೆ. ಇದು ನನ್ನ ದಿನದ ಕಸುಬು. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕಣ್ಣು ಬಾಗಿಲ ಕಡೆ ಹೋಯಿತು.

"ಅಂವಗ ಮಣ್ಣ ಕೊಟ್ಟದ್ದು ನಾನೇ ನೋಡೇನಿ," ಎಂದರು ಅತ್ತಿ, ನಾನು ಏನೋ ಕೇಳಿದವನಂತೆ. "ನನಗೇನು ಹುಚ್ಚಲ್ಲ. ಆದ್ರ ವರ್ಷಾ ವರ್ಷಾ ಹತ್ರ ಬರಾಕತ್ತಾನ. ಹೋದ ವರ್ಷ ಇಷ್ಟ ಸ್ಪಷ್ಟ ಇದ್ದಿದ್ದಿಲ್ಲ."

ಕ್ಯಾಸೆಟ್ಟನ್ನು ಆಳಂದಕ್ಕೆ ತಂದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಗಲು ಹೊತ್ತಿನಲ್ಲೇ, ಕಂಪ್ಯೂಟರಿಗೆ ಇಳಿಸಿ, ಕಿವಿಗೆ ಹೆಡ್‌ಫೋನು ಹಾಕಿ ಆ ದೂರದ ದನಿಯನ್ನು ಒರೆಸಿದೆ. ಕೆಲಸ ಕಷ್ಟದ್ದಲ್ಲ. ಆದರೆ ಹೆಡ್‌ಫೋನಿನಲ್ಲಿ ಮೂರು ಉಸಿರು ಬೇರೆ ಬೇರೆ ಕೇಳುತ್ತಿದ್ದವು. ಒಂದು ಚಿಕ್ಕದು, ಅದು ತಂಗಿಯದು. ಉಳಿದೆರಡರಲ್ಲಿ ನನ್ನದು ಯಾವುದು, ಅವನದು ಯಾವುದು ಎಂದು ಎಷ್ಟು ಸಲ ಕೇಳಿದರೂ ತಿಳಿಯಲಿಲ್ಲ. ಮೂಲದ ಗರಗರ ಸದ್ದು ತೆಗೆದು ಹಾಡನ್ನು ಸ್ವಚ್ಛ ಮಾಡಿದಾಗ ಆ ಉಸಿರುಗಳೂ ಹೋದವು. ಹೆಡ್‌ಫೋನು ತೆಗೆದ ಮೇಲೂ ನಾನು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದೇ ಕೂತಿದ್ದೆ.

ಕ್ಯಾಸೆಟ್ಟು ಸಮೇತ ಘತ್ತರಗಿಗೆ ಮರಳಿ ಹಾಡುಗಳನ್ನು ತಂಗಿಯ ಮೊಬೈಲಿಗೆ ಹಾಕಿಕೊಟ್ಟೆ. ಅತ್ತಿ ಅದಕ್ಕೂ ಬಾಗಿಲು ಹಾಕಿಸಿ ಫ್ಯಾನು ನಿಲ್ಲಿಸಿದರು. ಗಿಟಾರು ಮುಗಿಯಿತು. ಖಾಲಿ ಜಾಗ ಬಂತು. ಅತ್ತಿ ತಲೆ ಎತ್ತಿದರು. ಏನೂ ಇಲ್ಲ. ಆಮೇಲೆ ಒಂದೇ ಸಲ, ಗಾಜಿನಷ್ಟು ಸ್ಪಷ್ಟವಾಗಿ: "ಯವ್ವಾ! ನೀರ ತಾ!"

"ಇದು ಯಾರ ಮನಿ, ಅಳಿಯಾ?"

"ನಿಮ್ದೇ ಅತ್ತಿ."

"ನಮ್ದಲ್ಲ. ನಮ್ಮ ಮನ್ಯಾಗ ಮಂದಿ ಇದ್ರು. ಇಲ್ಲಿ ಯಾರೂ ಇಲ್ಲ. ನನ್ನ ಮಗಾ ಖಾಲಿ ಖೋಲ್ಯಾಗ ಒಬ್ಬನ ಕೂತು ಕರ್ಯಾಕತ್ತಾನ." ಮೊಬೈಲನ್ನು ಮಗಳ ಕಡೆ ಸರಿಸಿದರು. "ಇದನ್ನ ನೀ ಇಟ್ಕೋ. ನಂದು ನನಗ ಕೊಡ್ರಿ."

ತಮ್ಮ ಕ್ಯಾಸೆಟ್ಟನ್ನೇ ಹಚ್ಚಿದರು. ದೂರದ ದನಿ ಬಂದ ಕೂಡಲೇ ಎದ್ದರು. ಚರಿಗೆ ತುಂಬಿಕೊಂಡು ಹೊರಟೇಬಿಟ್ಟರು. ನಾನೂ ತಂಗಿಯೂ ಹಿಂದೆ ಓಡಿದೆವು.

ಆ ಹೊತ್ತಿನಲ್ಲಿ ಹೊಳೆಯ ದಂಡೆಗೆ ನಾಯಿಯೂ ಬರುವುದಿಲ್ಲ. ಬಿಸಿಲು ಬೆಳ್ಳಗೆ ನಿಂತಿತ್ತು, ನೀರು ಅಲುಗದೆ ಬಿದ್ದಿತ್ತು. ಅತ್ತಿ ಪಾವಟಿಗೆಯ ಮೆಟ್ಟಿಲು ಇಳಿದು, ಸೀರೆ ಎತ್ತಿಕಟ್ಟದೆ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತರು. ಚರಿಗೆಯ ನೀರನ್ನು ಹೊಳೆಗೆ ಸುರಿದರು. ಆಮೇಲೆ ಕಾಲಿನಿಂದ ಮುಂದಿನ ಮೆಟ್ಟಿಲನ್ನು ತಡಕಿದರು. ನಾನು ಹೋಗಿ ರಟ್ಟೆ ಹಿಡಿದೆ.

"ಬಿಡು. ಇನ್ನೂ ಒಳಗ ನಿಂತಾನ. ಇಲ್ಲಿಂದ ಸುರಿದ್ರ ಅಂವಗ ಮುಟ್ಟಂಗಿಲ್ಲ."

ತಂಗಿ ಮೇಲಿನ ಮೆಟ್ಟಿಲಿನಲ್ಲಿ ಕೂತು ಅಳತೊಡಗಿದಳು. ನನಗೆ ಅಳಲು ಬರುವುದಿಲ್ಲ, ಸಮಾಧಾನ ಹೇಳಲೂ ಬರುವುದಿಲ್ಲ. ಬರುವುದು ಒಂದೇ.

"ಅತ್ತಿ, ಒಂದು ಸೌದಾ ಮಾಡೋಣು."

ಅವರು ನನ್ನ ಕಡೆ ತಿರುಗಿದರು. ಎಷ್ಟಾದರೂ ವ್ಯಾಪಾರದ ಹೆಂಗಸು. "ಏನ ಸೌದಾ?"

"ಬರೂ ಬ್ಯಾಸಗಿ ತನಕ ಇದನ್ನ ಹಚ್ಚಬ್ಯಾಡ್ರಿ. ನಾ ಹೇಳಿದಂಗ ಸುತ್ತಿ ಇಡಬೇಕು."

"ಬರೂ ಬ್ಯಾಸಗಿ ಬಾಳ ದೂರ ಆತು. ದೀಪಾವಳಿ ತನಕ."

"ದೀಪಾವಳಿಗೆ ಆಗಂಗಿಲ್ಲ ಅತ್ತಿ. ಹೊಸಾ ಬ್ಯಾಸಗಿ ಬೀಳಬೇಕು."

"ಹಂಗಾದ್ರ ನೀ ಏನ ಕೊಡ್ತಿ?"

"ನಾನ ಬಂದು ಹಚ್ಚತೀನಿ. ಅಂವ ಆಗೂ ಹಿಂಗ ಹೊರಗ ನಿಂತು ಕರದ್ರ ನಿಮ್ಮನ್ನ ತಡ್ಯಂಗಿಲ್ಲ. ಚರಿಗಿ ನಾನ ಹಿಡ್ಕೊಂಡು ನಿಮ್ಮ ಕೂಡ ಎಲ್ಲಿ ತನಕ ಅಂತೀರೋ ಅಲ್ಲಿ ತನಕ ಇಳೀತೇನಿ."

ತಂಗಿ ಮೇಲಿನಿಂದ "ಮಾಮಾ!" ಎಂದು ಚೀರಿದಳು.

ಅತ್ತಿ ನನ್ನ ಮುಖವನ್ನು ಕಾಯಿ ಬಡಿದು ನೋಡುವ ಹಾಗೆ ನೋಡಿದರು. "ಈಜು ಬರ್ತದೇನು ನಿನಗ?"

"ಇಲ್ರಿ."

"ಹಂಗಾದ್ರ ಆತು," ಎಂದು ಮೇಲೆ ಬಂದರು.

ಅತ್ತಿ ಪ್ರತಿ ಸಲವೂ ಟೇಪನ್ನು ಕೊನೆಯವರೆಗೆ ಓಡಿಸಿ ಹಾಗೇ ಬಿಡುತ್ತಿದ್ದರು. ಮತ್ತೆ ಬೇಕಾದಾಗ ಹಿಂದಕ್ಕೆ ಸುತ್ತಿಕೊಳ್ಳುತ್ತಿದ್ದರು. ಕ್ಯಾಸೆಟ್ಟನ್ನು ಹಾಗೆ ಮುಗಿದ ಕಡೆ ಬಿಟ್ಟರೆ ನೆರಳು ಹೆಚ್ಚಾಗಿ ದನಿಗಿಂತ ಮೊದಲು ಬರುತ್ತದೆ. ಪೂರ್ತಿ ಹಿಂದಕ್ಕೆ ಸುತ್ತಿ ಇಟ್ಟರೆ ದನಿಯ ಆಮೇಲೆ ಬರುತ್ತದೆ. ನಿಮ್ಮ ಮನೆಯಲ್ಲಿ ಕ್ಯಾಸೆಟ್ಟು ಇದ್ದರೆ ಇದನ್ನು ಮರೆಯಬೇಡಿ: ಕೇಳಿದ ಮೇಲೆ ಶುರುವಿನ ತನಕ ಸುತ್ತಿ ಇಡಿ. ನಾನು ಹಲವು ಸಲ ಹಿಂದೆ ಮುಂದೆ ಓಡಿಸಿ ಹಳೆಯ ನೆರಳನ್ನು ಸಡಿಲ ಮಾಡಿದೆ. ಕೊನೆಗೆ ಪೂರ್ತಿ ಹಿಂದಕ್ಕೆ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ಜೋಳದ ಚೀಲಗಳ ಹಿಂದಿನ ಬೆಚ್ಚನೆಯ ಮೂಲೆಗೆ ಸೇರಿಸಿದೆ. ಆಗುತ್ತದೆಂದು ಖಾತ್ರಿ ಇರಲಿಲ್ಲ. ಅಷ್ಟು ವರ್ಷ ಒಂದು ಕಡೆ ಒತ್ತಿ ಕೂತದ್ದು ಒಂದೇ ಬೇಸಿಗೆಯಲ್ಲಿ ಮಗ್ಗಲು ಬದಲಿಸುತ್ತದೆಂದು ಯಾವ ಮೆಕ್ಯಾನಿಕ್ಕನೂ ಬರೆದುಕೊಡುವುದಿಲ್ಲ. ಅತ್ತಿಯ ಜೊತೆ ನಾನು ಮಾಡಿದ್ದು ಗ್ಯಾರಂಟಿ ಇಲ್ಲದ ವ್ಯಾಪಾರ, ಅದರಲ್ಲಿ ನನ್ನನ್ನೂ ಒತ್ತೆ ಇಟ್ಟಿದ್ದೆ.

ಈ ವರ್ಷ ಬಿಸಿಲು ಏರಿದ ಮೇಲೆ ಹೋದೆ. ತಂಗಿ ಚಹಾ ಕೊಟ್ಟಳು. ಅತ್ತಿ ಡಬ್ಬಿ ತಂದು ನನ್ನ ಮುಂದಿಟ್ಟರು. ಬಾಗಿಲು ಹಾಕಿದ್ದಾಯಿತು. ಫ್ಯಾನು ನಿಂತಿತು.

ಹಾಡು ಶುರುವಾಯಿತು. ಕೂಗುವ ಗಂಡಸು, ಡ್ರಮ್ಮು. ಅವನು ಸದ್ದಿಲ್ಲದೆ ಬಾರಿಸುತ್ತಿದ್ದ ಎದುರಿನ ಖಾಲಿ ಗಾಳಿಯನ್ನು ನೋಡಲಾರದೆ ನೆಲ ನೋಡುತ್ತ ಕೂತೆ. ಗಿಟಾರು ಸಣ್ಣಗಾಯಿತು. ಖಾಲಿ ಜಾಗ. ಅದರೊಳಗೆ ಒಂದು ಎಳೆಯಷ್ಟು ಏನೋ ಇತ್ತು, ಗಾಳಿ ಎಂದರೆ ಗಾಳಿ. ಅತ್ತಿ ಅಲುಗಲಿಲ್ಲ.

"ಯವ್ವಾ! ನೀರ ತಾ!"

ಆಮೇಲೆ, ತಂಗಿಯ ಆ ನಗುವಿನ ಹಿಂದೆ, ಸಣ್ಣಗೆ, ಬೆನ್ನು ತಿರುಗಿಸಿ ನಡೆದವನು ಅಂದಂತೆ: "...ನೀರ ತಾ..."

ರೇಡಿಯೋದವನು ಮಾತು ಶುರು ಮಾಡಿದ. ನಾನು ಟೇಪು ನಿಲ್ಲಿಸಿದೆ. ಯಾರೂ ಏಳಲಿಲ್ಲ. ಅತ್ತಿಯ ಎರಡೂ ಕೈ ತೊಡೆಯ ಮೇಲಿದ್ದವು.

"ಹೊಂಟ," ಎಂದರು. "ನಮ್ಮ ನಡುವ ಹಾದು ಹೋದ. ನಿಮಗ ತಿಳೀತೋ ಇಲ್ಲೋ?"

ನಾನು ಟೇಪನ್ನು ಶುರುವಿನ ತನಕ ಹಿಂದಕ್ಕೆ ಸುತ್ತತೊಡಗಿದೆ.

"ಮುಂದಿನ ವರ್ಷ ಎಷ್ಟ ದೂರ ಹೋಗಿರ್ತಾನ, ಅಳಿಯಾ?"

ನನಗೆ ಗೊತ್ತಿದ್ದ ಉತ್ತರ ಬೇರೆ. ಟೇಪು ಹೀಗೇ ಸುತ್ತಿಕೊಂಡು ಕೂತರೆ ಆ ಹಿಂದಿನ ದನಿ ಮುಂದಿನ ವರ್ಷ ಇನ್ನಷ್ಟು ಗಟ್ಟಿಯಾಗುತ್ತದೆ. ಹೋದವನು ಅಲ್ಲೇ ಬಾಗಿಲ ಹೊರಗೆ ನಿಂತುಬಿಟ್ಟಂತೆ ಕೇಳುತ್ತದೆ.

"ಹೋಗಾವ ಹೋಗ್ತಾನತ್ತಿ," ಎಂದೆ. "ಬಾಳ ದೂರ ಏನ ಹೋಗಂಗಿಲ್ಲ."

ಅತ್ತಿ ತಲೆಯಾಡಿಸಿದರು. ಬೆಲೆ ಒಪ್ಪಿದವರ ಹಾಗೆ. "ಸೆಕಿ ಆಗಾಕತ್ತದ. ಬಾಗಲಾ ತೆರೀ ಬೇ."

ತಂಗಿ ಎದ್ದು ಬಾಗಿಲ ತನಕ ಹೋದಳು. ಚಿಲಕದ ಮೇಲೆ ಕೈ ಇಟ್ಟು ಹಾಗೇ ನಿಂತಳು. ತಿರುಗಿ ನನ್ನನ್ನು ನೋಡಿದಳು. ನೆತ್ತಿಯಿಂದ ಬೆವರು ಇಳಿಯುತ್ತಿದ್ದರೂ ನಾನೂ ಏಳಲಿಲ್ಲ.

ಕೊನೆಗೆ ಅತ್ತಿಯೇ ಎದ್ದು ಮಗಳನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆರೆದರು. ಬಿಳಿ ಬಿಸಿಲಿನ ಓಣಿಯನ್ನು ಹೊಳೆಯ ಕಡೆಗೊಮ್ಮೆ, ಗುಡಿಯ ಕಡೆಗೊಮ್ಮೆ ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು ಅಂಗಡಿಯ ಪರದೆ ಸರಿಸಲು ಗುಡಿಯ ಕಡೆ ನಡೆದರು.